ಶೇಂಗಾ ಹೊಲದಲ್ಲಿ ಅವ್ವನ ದನಿ

ಕಲಿಸುವ ಕೆಲಸದಲ್ಲಿರುವವರಿಗೆ ಒಂದು ದುರಭ್ಯಾಸ ಇರುತ್ತದೆ. ದಿನವೂ ಹುಡುಗರ ಮುಂದೆ ಹೇಳುವುದನ್ನು ಒಂದು ಸಲವಾದರೂ ಮನೆಮಂದಿಯ ಮುಂದೆ ಮಾಡಿ ತೋರಿಸಿ ಭೇಷ್ ಅನ್ನಿಸಿಕೊಳ್ಳಬೇಕು ಎನ್ನುವುದು. ಗಣಿತದ ಮೇಷ್ಟ್ರಿಗೆ ಕಷ್ಟವಿಲ್ಲ, ಕಿರಾಣಿ ಅಂಗಡಿಯಲ್ಲಿ ನಿಂತು ಬಾಯಿಲೆಕ್ಕ ಮಾಡಿದರೆ ಮುಗಿಯಿತು. ನಾನು ಪಾಲಿಟೆಕ್ನಿಕ್ಕಿನಲ್ಲಿ ಕಲಿಸುವುದು ಡಿಜಿಟಲ್ ಎಲೆಕ್ಟ್ರಾನಿಕ್ಸ್. ಶಿಗ್ಗಾಂವಿಯ ನಮ್ಮ ಮನೆಯಲ್ಲಿ ಅದಕ್ಕಿರುವ ಮರ್ಯಾದೆ ಎಷ್ಟೆಂದರೆ, ಮಿಕ್ಸರ್ ಕೆಟ್ಟರೆ ನನ್ನ ಹೆಂಡತಿ "ನಿಮ್ಮ ಕೈಲೆ ಆಗೂದಿಲ್ಲ ಬಿಡ್ರಿ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ನೇರ ರಿಪೇರಿ ಅಂಗಡಿಗೆ ಹೊರಡುತ್ತಾಳೆ.

ಹಾಗಾಗಿ ಬಂಕಾಪುರದ ಹೊಲದಿಂದ ಅಣ್ಣ ಫೋನ್ ಮಾಡಿ ನವಿಲಿನ ಕಾಟ ಹೇಳಿಕೊಂಡಾಗ ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ಕಡೆ ನವಿಲನ್ನು ನೋಡಲು ದೂರದ ಊರಿನವರು ಕ್ಯಾಮೆರಾ ಹಿಡಿದು ಬರುತ್ತಾರೆ. ಆದರೆ ಬಿತ್ತಿದ ಶೇಂಗಾ ಬೀಜವನ್ನು ಅದು ಸಾಲು ಹಿಡಿದು ಕೆದರಿ ತಿನ್ನುವುದನ್ನು ಯಾರೂ ಫೋಟೋ ತೆಗೆಯುವುದಿಲ್ಲ. ರಾಷ್ಟ್ರಪಕ್ಷಿಯಾದ್ದರಿಂದ ಕಲ್ಲು ಬೀಸುವಂತಿಲ್ಲ, ಕೂಗಿ ಓಡಿಸಬಹುದು ಅಷ್ಟೇ. ಆ ಕೂಗುವ ಕೆಲಸ ಅವ್ವನದು. ಮೊಳಕೆ ಗಟ್ಟಿಯಾಗುವವರೆಗೆ ಬಿಸಿಲಲ್ಲಿ ಕೂತು ಏಳುವುದು, ಕೂಗುವುದು, ಮತ್ತೆ ಕೂಡುವುದು. ಅವಳ ಮೊಣಕಾಲು ಮೊದಲೇ ನೆಟ್ಟಗಿಲ್ಲ. "ಅವ್ವ ಮನಿಯಾಗ ಕುಂದ್ರು ಅಂದ್ರ ಕೇಳೂದಿಲ್ಲೊ. ಹೊಲ ಬಿಟ್ಟು ಬಂದ್ರ ಬೀಜ ಉಳಿಯೂದಿಲ್ಲ ಅಂತಾಳ" ಎಂದ ಅಣ್ಣ.

ಅವ್ವನ ಬದಲಿಗೆ ಕೂಗುವ ಯಂತ್ರ ಮಾಡಿದೆ. "ಹೋ... ಹೋಯ್! ಹೋಗ್ರಿ ಅತ್ತಾಗ!" ಎಂಬ ಅವಳ ಕೂಗನ್ನೇ ಅಂಕಿಗಳಾಗಿ ಒಂದು ಮೆಮೊರಿ ಚಿಪ್ಪಿನಲ್ಲಿ ತುಂಬಿದೆ. ಅಂಕಿಗಳನ್ನು ಮತ್ತೆ ದನಿಯಾಗಿಸುವ ಸರ್ಕ್ಯೂಟನ್ನು ಪೇಟೆಯಲ್ಲಿ ಕೊಳ್ಳಬಹುದಿತ್ತು. ಮೇಷ್ಟ್ರ ಜಂಬ ಬಿಡಬೇಕಲ್ಲ, ಕೈಯಾರೆ ಬೆಸೆದೆ. ಹೊಲದಲ್ಲಿಟ್ಟ ದಿನವೇ ನವಿಲುಗಳು ಬೇಲಿ ಹಾರಿ ಹೋದವು. ಅವ್ವ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿದಳು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಎರಡು ಕೂಗುಗಳ ನಡುವಿನ ಮೌನದಲ್ಲಿ ಯಂತ್ರದ ಪೆಟ್ಟಿಗೆ ಚಟ್ ಚಟ್ ಎನ್ನುತ್ತಿತ್ತು. ಅದಕ್ಕೆ ನಮ್ಮ ಭಾಷೆಯಲ್ಲಿ ಗ್ಲಿಚ್ ಎನ್ನುತ್ತಾರೆ. ಹುಡುಗರಿಗೆ ನಾನು ಅದನ್ನು ಬಸ್ಸಿನ ಉದಾಹರಣೆಯಿಂದಲೇ ಹೇಳುವುದು. ಹಾನಗಲ್ ಬಸ್ಸಿನ ಒಂದು ಸೀಟಿನಲ್ಲಿ ಮೂವರು ಹುಡುಗರು ಕೂತಿದ್ದಾರೆ, ಅವರು ಎದ್ದು ಒಬ್ಬ ದಪ್ಪನೆಯ ಗೌಡರಿಗೆ ಜಾಗ ಬಿಡಬೇಕು. ಹುಡುಗರು ಬೇಗ ಎದ್ದು, ಗೌಡರು ಕೂಡುವುದು ತಡವಾದರೆ ಸೀಟು ಕ್ಷಣಕಾಲ ಖಾಲಿ. ಆಗಲೇ ಕಿಟಕಿಯಿಂದ ಯಾರದೋ ಟವೆಲ್ ಬಂದು ಬೀಳುತ್ತದೆ. ಆ ಟವೆಲ್ಲೇ ಗ್ಲಿಚ್. ಏಳು ಎಂಬ ಅಂಕಿ ಹೋಗಿ ಎಂಟು ಬರುವಾಗ ಸರ್ಕ್ಯೂಟಿನಲ್ಲೂ ಮೂರು ಸ್ವಿಚ್ಚು ಆರಿ ಒಂದು ಹೊತ್ತಬೇಕು, ಒಂದಿಷ್ಟು ಹಿಂದುಮುಂದಾದರೆ ನಡುವೆ ಸುಳ್ಳು ಅಂಕಿಯೊಂದು ಚಟ್ಟೆನ್ನುತ್ತದೆ. ಮೌನವಿದ್ದಾಗ ಅಂಕಿ ಅಂಥದೇ ಗಡಿಯ ಮೇಲೆ ಅತ್ತಿಂದಿತ್ತ ಆಡುತ್ತಿರುವುದರಿಂದ ಆಗಲೇ ಅದರ ಹಾವಳಿ ಹೆಚ್ಚು. ಪರಿಹಾರವೂ ಬಸ್ಸಿನದೇ. ಕಂಡಕ್ಟರ್ ಸೀಟಿ ಊದಿದಾಗಲೇ ಎಲ್ಲರೂ ಒಟ್ಟಿಗೆ ಏಳಬೇಕು, ಕೂಡಬೇಕು. ಸರ್ಕ್ಯೂಟಿನಲ್ಲಿ ಆ ಕಂಡಕ್ಟರನಿಗೆ ಲ್ಯಾಚ್ ಎಂದು ಹೆಸರು. ಅಷ್ಟಾದರೂ ಗದ್ದಲ ನಿಲ್ಲದಿದ್ದರೆ, ಎಲ್ಲರೂ ಕೂತು ಸುಧಾರಿಸಿಕೊಳ್ಳುವವರೆಗೆ ಹಳೆಯ ದನಿಯನ್ನೇ ಹಿಡಿದಿಟ್ಟುಕೊಳ್ಳುವ ಇನ್ನೊಂದು ಸರ್ಕ್ಯೂಟನ್ನು ಕೊನೆಗೆ ಜೋಡಿಸಬೇಕು.

"ನವಿಲು ಓಡಾಕತ್ತಾವ. ನಿನಗ ಇನ್ನೇನ ಬೇಕೊ ಮಾರಾಯ?" ಎಂದು ಅಣ್ಣ ಗೊಣಗಿದ. ನಾನು ಕೇಳಲಿಲ್ಲ. ಇದೇ ಗ್ಲಿಚ್ಚಿಗಾಗಿ ಹುಡುಗರ ಮಾರ್ಕ್ಸ್ ಕತ್ತರಿಸುವವನು ನನ್ನ ಹೊಲದಲ್ಲೇ ಅದನ್ನು ಸಾಕಿಕೊಂಡರೆ ಹೇಗೆ? ಪೆಟ್ಟಿಗೆಯನ್ನು ಮನೆಗೆ ತಂದು ಎರಡೂ ಪರಿಹಾರ ಸೇರಿಸಿ ಮರಳಿ ಇಟ್ಟು ಬಂದೆ. ಚಟ್ ಎನ್ನುವುದು ಪೂರ್ತಿ ನಿಂತಿತು. ಅವ್ವನ ದನಿ ಅವ್ವನೇ ಎದುರು ನಿಂತು ಕೂಗಿದಷ್ಟು ಸ್ವಚ್ಛವಾಯಿತು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು.

ಮರುದಿನವೇ ಫೋನ್ ಬಂತು. ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ, ಅವ್ವ ಕರೆಯುತ್ತಿದ್ದಾಳೆಂದು ಅಣ್ಣ ಮೋಟಾರು ಬಂದ್ ಮಾಡಿ ಓಡಿ ಬಂದಿದ್ದ. ಬದಿಯ ಹೊಲದ ಫಕೀರಪ್ಪನೂ "ಯಾಕ್ರೀ ಅವ್ವಾರ, ಏನಾತ್ರಿ?" ಎಂದು ಬಂದು ಹೋಗಿದ್ದ. ಬರದೆ ಹೋಗದೆ ಇದ್ದಲ್ಲೇ ಇದ್ದು ಆರಾಮವಾಗಿ ತಿಂದವು ನವಿಲುಗಳು ಮಾತ್ರ. ಎರಡು ಸಾಲು ಬೀಜ ಹೋಗಿತ್ತು. ಅವ್ವ ಮತ್ತೆ ಹೊಲಕ್ಕೆ ಬಂದು ಬಿಸಿಲಲ್ಲಿ ಕೂತಿದ್ದಳು. ನಾನು ಹೋದಾಗ ಮೊಣಕಾಲು ತಿಕ್ಕಿಕೊಳ್ಳುತ್ತ, "ಇರ್ಲಿ ಬಿಡಪಾ. ನಿನ್ನ ಮಷೀನ್ ನನ್ನಂಗ ಒದರ್ತೈತಿ. ಅವು ನನ್ನ ಮಾತ ಯಾವಾಗ ಕೇಳ್ಯಾವ?" ಎಂದಳು.

ಅವಳನ್ನು ಎಬ್ಬಿಸಿ ಮನೆಗೆ ಕಳಿಸಿ ನಾನೇ ಕಾವಲಿಗೆ ಕೂತೆ. ಪೆಟ್ಟಿಗೆ ಕೂಗಿತು, ನವಿಲು ತಲೆ ಎತ್ತಲಿಲ್ಲ. ನಾನು ಕೂಗಿದೆ, ಎತ್ತಲಿಲ್ಲ. ಸಿಟ್ಟಿನಿಂದ ಎದ್ದು ಬದುವಿನ ಮೇಲೆ ಬಿದ್ದಿದ್ದ ಗೋವಿನಜೋಳದ ಒಣ ದಂಟು ತುಳಿಯುತ್ತ ಹೊರಟೆ. ಕಾಲಡಿ ಚಟ್ ಚಟ್ ಅಂದದ್ದೇ ತಡ, ಅಷ್ಟೂ ನವಿಲು ಬೇಲಿಯಾಚೆ. ನಾನು ದಂಟಿನ ಮೇಲೆ ಒಂದು ಕಾಲೆತ್ತಿ ನಿಂತೇಬಿಟ್ಟೆ. ಮೊದಲ ದಿನದಿಂದ ಅವು ಹೆದರಿದ್ದು ಅವ್ವನ ಕೂಗಿಗಲ್ಲ, ಕೂಗು ನಿಂತಾಗ ದಂಟು ತುಳಿಯುತ್ತ ಯಾರೋ ಬಂದಂತೆ ಕೇಳುತ್ತಿದ್ದ ನನ್ನ ಗ್ಲಿಚ್ಚಿಗೆ!

ಅಲ್ಲೇ ಕೂತು, ಮರ್ಯಾದೆಗಾಗಿ ಬೆಸೆದಿದ್ದ ಲ್ಯಾಚನ್ನೂ ಆ ಇನ್ನೊಂದು ಸರ್ಕ್ಯೂಟನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಪೆಟ್ಟಿಗೆ ಮೊದಲಿನಂತೆ ಚಟ್ ಚಟ್ ಅಂದಿತು. ಈಗ ಬೀಜ ಮೊಳೆತು ಎಲೆ ಬಿಟ್ಟಿದೆ, ಅವ್ವ ಕಟ್ಟೆ ಬಿಟ್ಟು ಇಳಿದಿಲ್ಲ. ಮೊನ್ನೆ ಫಕೀರಪ್ಪನ ಮುಂದೆ ಅವಳು ನನ್ನನ್ನು ಹೊಗಳಿದ್ದನ್ನು ಈ ಕಿವಿಯಿಂದಲೇ ಕೇಳಿದೆ. "ಮಷೀನ್ ನಡಕ ಕೆಟ್ಟಿತ್ತು ನೋಡ್ರಿ. ನಮ್ಮ ಸಣ್ಣಾಂವ ಬಂದು ಒಂದ ತಾಸಿನ್ಯಾಗ ರಿಪೇರಿ ಮಾಡಿದ. ಕಾಲೇಜಿನ್ಯಾಗ ಹುಡುಗರಿಗೆ ಇದನ್ನ ಕಲಸ್ತಾನ್ರಿ ಅಂವ."