ವೀರಪ್ಪನ ಅಂಗಡಿ ಎದುರಿಗೆ

ಕುಂಥುನಾಥನ ಫಜೀತಿಗೆಲ್ಲ ಮೂಲ ಒಂದು ಇನ್ನೂರು ಪುಟದ ನೋಟುಬುಕ್ಕು. ಅದನ್ನು ಅವನು ಉದ್ರಿ ಬರೆಯಲು ಕೊಂಡಿರಲಿಲ್ಲ, ಮಗಳ ಶಾಲೆಗೂ ಕೊಂಡಿರಲಿಲ್ಲ. ಕಂಪ್ಯೂಟರಿಗಾಗಿ ಕೊಂಡಿದ್ದ.

ಗೋಕಾಕದ ಆ ಓಣಿಯಲ್ಲಿ ಅವನ ಅಜ್ಜನ ಕಾಲದಿಂದ ಕರದಂಟಿನ ಅಂಗಡಿ. ಮೂಡಲಗಿಯ ಬೆಲ್ಲ, ಮನೆಯಲ್ಲೇ ಕಾಸಿದ ತುಪ್ಪ, ಹದವಾಗಿ ಕರಿದು ಹೂವಿನಂತೆ ಅರಳಿದ ಅಂಟು. ಕೈಗುಣದ ಬಗ್ಗೆ ಯಾರೂ ಚಕಾರ ಎತ್ತುವಂತಿರಲಿಲ್ಲ. ಆದರೆ ಎಂಟು ವರ್ಷಗಳ ಹಿಂದೆ ಎದುರಿಗೆ ವೀರಪ್ಪನ ಎರಡಂತಸ್ತಿನ ಗಾಜಿನ ಅಂಗಡಿ ಎದ್ದ ಮೇಲೆ ಪರವೂರಿನ ಗಿರಾಕಿಗಳು ಆ ಝಗಮಗಕ್ಕೆ ಮರುಳಾಗಿ ಅತ್ತಲೇ ನುಗ್ಗತೊಡಗಿದರು. ಕುಂಥುನಾಥನ ಅಂಗಡಿಗೆ ‘ವೀರಪ್ಪನ ಎದುರಿನದು’ ಎಂಬ ಹೆಸರು ಬಿದ್ದು, ಅದೇ ಕಾಯಂ ಆಯಿತು.

ವೀರಪ್ಪ ಕೆಟ್ಟ ಮನುಷ್ಯನೇನಲ್ಲ. ಸಿಕ್ಕಾಗಲೆಲ್ಲ ಪ್ರೀತಿಯಿಂದಲೇ ಕರೆಯುತ್ತಿದ್ದ. “ಕುಂಥಣ್ಣಾ, ಒಲಿ ನಂದು, ಕೈ ನಿಂದು. ಬಂದಬಿಡು. ತಿಂಗಳಾ ಪಗಾರ ಕೊಡ್ತೇನಿ.”

ಅಜ್ಜನ ಅಂಗಡಿಗೆ ಬೀಗ ಹಾಕಿ ಎದುರಿನವನ ಒಲೆಯ ಮುಂದೆ ನಿಲ್ಲುವುದು ಕುಂಥುನಾಥನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಅದಕ್ಕೇ ಎರಡು ಸಾವಿರದ ಎಂಟನೆಯ ಇಸವಿಯ ನಾಗರಪಂಚಮಿಯ ದಿನ, ಓಣಿಯ ಮಂದಿಯೆಲ್ಲ ಕೇಳುವಂತೆ, ಎದೆ ಉಬ್ಬಿಸಿ ಹೇಳಿಬಿಟ್ಟ: “ವೀರಪ್ಪಣ್ಣಾರ, ದೀಪಾವಳಿ ತನಕಾ ತಡೀರಿ. ಅಷ್ಟರಾಗ ಕಂಪ್ಯೂಟರ್ ನೋಡಿ ನನ್ನ ಅಂಗಡಿಗೆ ದೊಡ್ಡ ಆರ್ಡರ್ ಬರತೈತಿ. ಬರಲಿಲ್ಲಂದ್ರ ನಾನಾ ಬಂದು ನಿಮ್ಮ ಒಲಿ ಮುಂದ ನಿಂದರ್ತೇನಿ!”

ಈ ಧೈರ್ಯ ತುಂಬಿದವನು ಬಸ್ ಸ್ಟ್ಯಾಂಡ್ ಹತ್ತಿರ ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಕೇದಾರಿ.

“ಕಾಕಾ, ಗೂಗಲ್ ಅಂದ್ರ ಬಸ್ ಸ್ಟ್ಯಾಂಡ್ ಕಟ್ಟಿ ಮ್ಯಾಲ ಕುಂತ ಹಿರ್ಯಾ ಇದ್ದಂಗ,” ಎಂದಿದ್ದ ಕೇದಾರಿ. “ಹೊಸಬ ಬಂದು ‘ಕರದಂಟು ಎಲ್ಲಿ ಛಲೋ ಸಿಗತೈತ್ರಿ’ ಅಂತ ಕೇಳಿದ್ರ, ಅಂವ ಯಾರ ಸುದ್ದಿ ಭಾಳ ಕೇಳ್ಯಾನೋ ಅವರ ಕಡೆ ಕೈ ಮಾಡ್ತಾನ. ನೀವು ‘ನಮ್ಮದಾ ಶ್ರೇಷ್ಠ’ ಅಂತ ಬರದ್ರ ಕಣ್ಣೆತ್ತಿ ನೋಡಂಗಿಲ್ಲ. ಗಿರಾಕಿ ಬಾಯಾಗ ಬರೂ ಶಬ್ದಾನ ನಿಮ್ಮ ಪೇಜಿನ್ಯಾಗ ಇರಬೇಕು. ಹೆಡ್ಡಿಂಗಿನ್ಯಾಗ ಬೇಕು, ಮೊದಲನೇ ಸಾಲಿನ್ಯಾಗ ಬೇಕು. ಮತ್ತ ಬ್ಯಾರೇದವರ ಪೇಜಿನ್ಯಾಗೂ ನಿಮ್ಮ ಸುದ್ದಿ ಇರಬೇಕು.”

“ಗಿರಾಕಿ ಬಾಯಾಗ ಬರೂ ಶಬ್ದ ನನಗೇನ್ ಗೊತ್ತೋ?”

“ಬರಕೋತ ಕುಂದರ್ರಿ. ಒಂದ್ ವಾರ.”

ಕುಂಥುನಾಥ ಯಾವ ಕೆಲಸವನ್ನೂ ಅರೆಬರೆ ಮಾಡಿದವನಲ್ಲ. ವಾರವಿಡೀ ತೂಕ ಮಾಡುವುದನ್ನು ಹೆಂಡತಿ ಕಮಲವ್ವನಿಗೆ ಬಿಟ್ಟು, ಬಂದವರು, ಫೋನು ಮಾಡಿದವರು ಆಡಿದ ಮೊದಲ ಮಾತನ್ನು ಚಾಚೂ ತಪ್ಪದೆ ಬರೆದುಕೊಂಡ. ‘ವೀರಪ್ಪನ ಅಂಗಡಿ ಎದರಿಗಿನ ಕರದಂಟು ಇದಾ ಏನ್ರಿ?’ ‘ವೀರಪ್ಪನ ಅಂಗಡ್ಯಾಗಿನ ರೇಟಾ ಏನ್ರಿ?’ ‘ಇದು ವೀರಪ್ಪನ ಅಂಗಡಿ ಅಲ್ಲೇನ್ರಿ? ಹಂಗಾರ ಅದೆಲ್ಲೈತಿ?’ ಹೀಗೆ ದಾರಿ ಕೇಳಿ ಹೋದವರ ಮಾತೂ ಪುಸ್ತಕ ಸೇರಿತು. ಕೇಳಿದವರು ಗಿರಾಕಿಗಳು ತಾನೆ!

ರಾತ್ರಿ ಅಂಗಡಿ ಮುಚ್ಚುವ ಮುಂಚೆ ಕಮಲವ್ವ ಪುಸ್ತಕ ತಿರುವಿ ನೋಡಿ ಕೇಳಿದಳು: “ಇದರಾಗ ನಿಮ್ಮ ಹೆಸರ ಎಲ್ಲೈತ್ರಿ?”

“ಏ ಹುಚ್ಚಿ, ಹೆಸರ ಹುಡುಕಿ ಯಾರೂ ಬರಂಗಿಲ್ಲ. ಬಾಯಿಚಪಲಕ್ಕ ಬರ್ತಾರ,” ಎಂದ ಕುಂಥುನಾಥ, ಹತ್ತು ವರ್ಷ ಕಂಪ್ಯೂಟರ್ ಕಲಿಸಿದ ಮಾಸ್ತರನ ಗತ್ತಿನಲ್ಲಿ.

ಕೇದಾರಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಪೇಜಿಗೆ ಏರಿಸಿದ. ‘ಗೋಕಾಕ ಕರದಂಟು, ವೀರಪ್ಪನ ಅಂಗಡಿ ಎದುರಿಗೆ’ ಎಂಬುದೇ ಹೆಡ್ಡಿಂಗು. ತಾನು ಮಾಡಿಕೊಟ್ಟಿದ್ದ ಲಾಡ್ಜಿನ ಪೇಜಿಗೂ ಟ್ರಾವೆಲ್ಸಿನ ಪೇಜಿಗೂ ಅದೇ ಸಾಲನ್ನು ಅಂಟಿಸಿದ. ವೀರಪ್ಪನ ಹೆಸರನ್ನು ಅವನ ಹೆತ್ತ ತಾಯಿಯೂ ಅಷ್ಟು ಸಲ ಕರೆದಿರಲಿಕ್ಕಿಲ್ಲ.

ಎರಡು ತಿಂಗಳು ಏನೂ ಆಗಲಿಲ್ಲ. ದೀಪಾವಳಿಗೆ ಹತ್ತು ದಿನ ಉಳಿದಿದ್ದ ಶನಿವಾರ ಬೆಳಿಗ್ಗೆ ಕೇದಾರಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದ.

“ಕಾಕಾ! ಗೋಕಾಕ ಕರದಂಟು ಅಂತ ಹೊಡದ್ರ ನಮ್ಮ ಪೇಜಾ ಮೊದಲ ಬರಾಕತೈತಿ! ಒಂದನೇ ನಂಬರ್!”

ಅವನ ಮಾತು ಮುಗಿಯುವಷ್ಟರಲ್ಲಿ ಕುಂಥುನಾಥನ ಮೊಬೈಲು ರಿಂಗಣಿಸಿತು. ಅತ್ತ ಒಂದು ಹೆಣ್ಣುದನಿ, ಅಚ್ಚ ಬೆಂಗಳೂರಿನದು.

“ನಮಸ್ಕಾರ, ನನ್ನ ಹೆಸರು ಮೇಘಾ. ಬೆಂಗಳೂರಿನ ಒಂದು ಕಂಪನಿಯಿಂದ ಮಾತಾಡ್ತಿದೀನಿ. ದೀಪಾವಳಿಗೆ ನಮ್ಮ ಕೆಲಸಗಾರರಿಗೆ ಹಂಚೋಕೆ ಸಾವಿರದ ಇನ್ನೂರು ಡಬ್ಬಿ ಕರದಂಟು ಬೇಕಿತ್ತು. ಇಂಟರ್‌ನೆಟ್ಟಲ್ಲಿ ನಿಮ್ಮ ಪೇಜ್ ನೋಡಿದ್ವಿ. ಪುಣೆಯಿಂದ ವಾಪಸ್ ಬರ್ತಾ ಇದೀನಿ, ಈಗ ಹತ್ತರಗಿ ಹತ್ರ ಇದೀನಿ. ಊರೊಳಗೆ ಬಂದು ಏನಂತ ಕೇಳಬೇಕು?”

ಎಂಟು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದ ಮಾತು ಕುಂಥುನಾಥನ ನಾಲಿಗೆಯಿಂದ ತಾನಾಗಿ ಜಾರಿತು. “ವೀರಪ್ಪನ ಅಂಗಡಿ ಅಂತ ಕೇಳ್ರಿ ಮೇಡಮ್ಮಾರ. ಸಣ್ಣ ಹುಡುಗೂರೂ ತೋರಸ್ತಾವು!”

ಸುದ್ದಿ ಓಣಿಯ ತುಂಬ ಹಬ್ಬಿತು. ಬಾಜೂ ಅಂಗಡಿಯ ಟೇಲರ್ ಮಾಳಪ್ಪ ಅರ್ಧ ಹೊಲಿದ ಜಂಪರನ್ನು ಮಶೀನಿನಲ್ಲೇ ಬಿಟ್ಟು ಬಂದ. ಹೂವಿನ ಸುಂದ್ರವ್ವ ದೊಡ್ಡದೊಂದು ಸೇವಂತಿಗೆ ಹಾರ ತಂದು ಕುಂಥುನಾಥನ ಕೈಗಿಟ್ಟಳು.

“ಅಂಗಿ ಬದಲಿ ಮಾಡಪಾ,” ಎಂದ ಮಾಳಪ್ಪ. “ಬೆಂಗಳೂರ ಮಂದಿ ಮೊದಲ ಅಂಗೀನಾ ನೋಡ್ತಾರ.”

“ಏ, ಅಂಗೀನ ತಿಂತಾರೇನೋ ಮಾಳ್ಯಾ?” ಎಂದಳು ಸುಂದ್ರವ್ವ. “ಅಕಿ ಕಾರಿನಿಂದ ಇಳದ ಕೂಡ್ಲೆ ಕೊರಳಿಗೆ ಹಾರ ಹಾಕಬೇಕು ನೋಡು. ಹಾರ ಹಾಕಿಸಿಕೊಂಡವರು ಇಲ್ಲ ಅನ್ನಂಗಿಲ್ಲ.”

ಇಬ್ಬರ ಮಾತಿಗೂ ಮರ್ಯಾದೆ ಕೊಟ್ಟು ಕುಂಥುನಾಥ ಮದುವೆಯ ಕಾಲದ ರೇಷ್ಮೆ ಅಂಗಿ ತೊಟ್ಟ. ಹೊಟ್ಟೆಯ ಹತ್ತಿರದ ಎರಡು ಗುಂಡಿ ಹತ್ತಲಿಲ್ಲ; ಅಲ್ಲಿಗೆ ಹಾರ ಅಡ್ಡ ಹಿಡಿದ. ಕಮಲವ್ವ ಬಿಸಿಬಿಸಿ ಕರದಂಟನ್ನು ತಾಟಿನಲ್ಲಿ ಜೋಡಿಸಿ ನಿಂತಳು. ಇವತ್ತು ಸಂಜೆಗೆ ಅಜ್ಜನ ಫೋಟೋಕ್ಕೆ ಒಂದು ಹಾರ ಎಂದು ಕುಂಥುನಾಥ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಗೋಕಾಕ ಫಾಲ್ಸ್ ಕಡೆಯಿಂದ ಬಂದ ಬಿಳಿ ಕಾರು ಮಧ್ಯಾಹ್ನ ಹನ್ನೆರಡಕ್ಕೆ ಓಣಿಯೊಳಗೆ ನುಗ್ಗಿ ಎರಡೂ ಅಂಗಡಿಗಳ ನಡುವೆ ನಿಂತಿತು. ಮೇಘಾ ಇಳಿದಳು. ಆ ಪೇಜನ್ನು ಪ್ರಿಂಟ್ ಮಾಡಿಸಿ ತಂದಿದ್ದ ಕಾಗದ ನೋಡಿದಳು, ವೀರಪ್ಪನ ಬೋರ್ಡು ನೋಡಿದಳು, ಸೀದಾ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು.

ಓಣಿ ತಣ್ಣಗಾಯಿತು. ಕುಂಥುನಾಥ ಮಾತ್ರ ನಕ್ಕ. “ದಾರಿ ಕೇಳಾಕ ಹೋಗ್ಯಾಳ. ವೀರಪ್ಪಣ್ಣ ಈಗ ಕಳಸ್ತಾನ ನೋಡ್ರಿ.”

ಐದು ನಿಮಿಷವಾಯಿತು.

“ದಾರಿ ಭಾಳ ಉದ್ದ ಐತೇನೋ,” ಎಂದ ಮಾಳಪ್ಪ.

“ಎದರಿಗಿನ ರೇಟು ತಿಳಕೊಂಡು ಬರ್ತಾಳ. ವ್ಯವಹಾರ ಬಲ್ಲ ಹೆಣಮಗಳು,” ಎಂದ ಕುಂಥುನಾಥ.

ಹತ್ತು ನಿಮಿಷವಾಯಿತು. ಗಾಜಿನ ಹಿಂದೆ ಮೇಘಾಳ ಕೈಗೆ ಒಂದು ತಟ್ಟೆ ಬಂತು.

“ಅಯ್ಯ, ತಿನ್ನಾಕತ್ತಾಳೋ!” ಎಂದು ಸುಂದ್ರವ್ವ ಎದೆ ಬಡಿದುಕೊಂಡಳು. “ಹೋಗೋ, ಹಾರ ಬಾಡೂಕಿಂತ ಮೊದ್ಲ ಹೋಗು!”

ಕುಂಥುನಾಥ ಒಂದು ಕೈಯಲ್ಲಿ ಹಾರ, ಇನ್ನೊಂದರಲ್ಲಿ ಕಮಲವ್ವನ ತಾಟು ಹಿಡಿದು ರಸ್ತೆ ದಾಟಿದ. ಇಡೀ ಓಣಿ ಅವನ ಬೆನ್ನಿಗಿತ್ತು.

“ಮೇಡಮ್ಮಾರ, ನೀವು ಫೋನಿನ್ಯಾಗ ಮಾತಾಡಿದ್ದು ನನ್ನ ಕೂಡ. ಆ ಪೇಜು ನಂದು.”

ಮೇಘಾ ಗೊಂದಲದಿಂದ ಕಾಗದ ಬಿಡಿಸಿದಳು. “ನಿಮ್ಮದಾ? ಇದರಲ್ಲಿ ಮೂವತ್ತಾರು ಸಲ ವೀರಪ್ಪ ಅಂತಿದೆ. ನಿಮ್ಮ ಹೆಸರೇನು?”

“ಕುಂಥುನಾಥ.”

ಅವಳು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮಾಳಪ್ಪನೂ ಇಣುಕಿ ನೋಡಿದ, ಅವನಿಗೆ ಇಂಗ್ಲಿಷು ಬಾರದಿದ್ದರೂ.

“ಎಲ್ಲೂ ಇಲ್ಲವಲ್ಲ ಸಾರ್. ಎದುರಿಗೆ ಅಂತ ಇದೆ ನಿಜ, ಆದರೆ ಎದುರಿಗೆ ಯಾರು ಅಂತ ಇಲ್ಲ. ಫೋನಲ್ಲೂ ನೀವೇ ಹೇಳಿದ್ರಿ, ವೀರಪ್ಪನ ಅಂಗಡಿ ಅಂತ ಕೇಳಿ ಅಂತ.”

ಬಾಗಿಲಲ್ಲಿ ನಿಂತಿದ್ದ ಕೇದಾರಿ ಛಾವಣಿಯ ಫ್ಯಾನಿನ ಎಲೆಗಳನ್ನು ಎಣಿಸತೊಡಗಿದ. ಏನು ಮಾಡುವುದೆಂದು ತಿಳಿಯದೆ ಕುಂಥುನಾಥ ತಾಟನ್ನೇ ಮುಂದೆ ಹಿಡಿದ.

ಮೇಘಾ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಕಣ್ಣು ಅರಳಿದವು. ಇನ್ನೊಂದು ತುಂಡು ತೆಗೆದುಕೊಂಡಳು. “ಅಬ್ಬಾ! ಇದು ಆಗಲೇ ತಿಂದಿದ್ದಕ್ಕಿಂತ ಎಷ್ಟೋ ಚೆನ್ನಾಗಿದೆ.”

ಕುಂಥುನಾಥನಿಗೆ ಹೋದ ಜೀವ ಬಂದಂತಾಯಿತು. ಹಾರ ಎತ್ತಿದ.

“ಆದರೆ ಒಂದು ತೊಂದರೆ,” ಎಂದಳು ಮೇಘಾ. “ಈ ಪೇಜ್ ನೋಡಿ ನಮ್ಮ ಆಫೀಸಲ್ಲಿ ವೀರಪ್ಪ ಅನ್ನೋ ಹೆಸರಿಗೇ ಮಂಜೂರಿ ಆಗಿದೆ. ಡಬ್ಬಿ ಮೇಲೆ, ಬಿಲ್ ಮೇಲೆ ಅದೇ ಹೆಸರು ಇರಬೇಕು. ಬದಲಾಯಿಸೋಕೆ ಹೋದ್ರೆ ದೀಪಾವಳಿ ಮುಗಿದುಹೋಗುತ್ತೆ. ವೀರಪ್ಪನವರೇ, ಆರ್ಡರ್ ನಿಮಗೇ. ಆದರೆ ನನಗೆ ಈ ರುಚಿನೇ ಬೇಕು.”

ವೀರಪ್ಪ ಗಲ್ಲಾ ಬಿಟ್ಟು ಎದ್ದು ಬಂದು ಮೆಲ್ಲಗೆ ಕುಂಥುನಾಥನ ಹೆಗಲ ಮೇಲೆ ಕೈ ಇಟ್ಟ. “ಕುಂಥಣ್ಣಾ, ದೀಪಾವಳಿ ಬಂತು.”

“ಕಂಪ್ಯೂಟರ್ ನೋಡಿ ದೊಡ್ಡ ಆರ್ಡರ್ ಬಂದೈತಲ್ಲ!” ಎಂದು ಕುಂಥುನಾಥ ಕೊನೆಯ ಹುಲ್ಲುಕಡ್ಡಿ ಹಿಡಿದ. “ನಾ ಗೆದ್ದಂಗಾತು!”

ಎಲ್ಲರೂ ಮಾಳಪ್ಪನ ಮುಖ ನೋಡಿದರು. ಓಣಿಯ ನ್ಯಾಯವೆಲ್ಲ ಅವನದೇ. ಮಾಳಪ್ಪ ಕೊರಳಲ್ಲಿದ್ದ ಟೇಪನ್ನು ಎರಡೂ ಕಡೆ ಸಮ ಮಾಡಿಕೊಂಡು ತೀರ್ಪು ಕೊಟ್ಟ: “ಆರ್ಡರ್ ಬಂದದ್ದು ಖರೆ. ‘ನನ್ನ ಅಂಗಡಿಗೆ’ ಅಂದಿದ್ದಿ, ಬಂದದ್ದು ವೀರಪ್ಪಣ್ಣನ ಅಂಗಡಿಗೆ. ಮಾತಂದ್ರ ಮಾತಪಾ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾರವನ್ನಾದರೂ ಸುಮ್ಮನೆ ಮನೆಗೆ ಒಯ್ಯೋಣವೆಂದರೆ ಸುಂದ್ರವ್ವ ಅದನ್ನು ಕಸಿದು ವೀರಪ್ಪನ ಕೊರಳಿಗೆ ಹಾಕಿದಳು. ಹೂವು ದಂಡ ಆಗಬಾರದಂತೆ. ಮುಚ್ಚಲು ಏನೂ ಉಳಿಯದೆ ಕುಂಥುನಾಥನ ಎರಡು ಗುಂಡಿಯ ಜಾಗ ಊರಿಗೆಲ್ಲ ಕಂಡಿತು.

ಮೂರು ಗಂಟೆಗೆ ಕುಂಥುನಾಥ ವೀರಪ್ಪನ ಒಲೆಯ ಮುಂದೆ ನಿಂತಿದ್ದ. ಕಡಾಯಿ ಅವನ ಮನೆಯದರ ಮೂರು ಪಟ್ಟು ದೊಡ್ಡದು. ಕಿಟಕಿಯಲ್ಲಿ ಕಣ್ಣು ಹಾಯಿಸಿದರೆ ಅಜ್ಜನ ಅಂಗಡಿಯ ಇಳಿಸಿದ ಶಟರು ಕಾಣುತ್ತಿತ್ತು. ನೋಡಬಾರದೆಂದುಕೊಂಡರೂ ನೋಡಿದ. ಬೆಲ್ಲದ ಪಾಕ ಮಾತ್ರ ಹದ ತಪ್ಪಲಿಲ್ಲ.

ಅಷ್ಟರಲ್ಲಿ ಕೇದಾರಿ ಹಿಂಬಾಗಿಲಿನಿಂದ ಅಳುಮುಖ ಹೊತ್ತು ಬಂದ.

“ಕಾಕಾ, ತಪ್ಪಾತ್ರಿ. ಈಗಿಂದೀಗ ತಿದ್ದತೇನಿ. ನಿಮ್ಮ ಹೆಸರ ಹೆಡ್ಡಿಂಗಿನ್ಯಾಗ ಹಾಕ್ತೇನಿ, ದೊಡ್ಡ ಅಕ್ಷರದಾಗ. ವೀರಪ್ಪಗೋಳ ಹೆಸರ ಎಲ್ಲಾ ತಗದ ಒಗೀತೇನಿ.”

ಕುಂಥುನಾಥ ಸೌಟು ನಿಲ್ಲಿಸಲಿಲ್ಲ.

“ಬ್ಯಾಡ. ಅದ ಇರಲಿ. ‘ಕರದಂಟು, ವೀರಪ್ಪನ ಅಂಗಡಿ ಎದುರಿಗೆ’ ಅಂತ ಐತಲ್ಲ? ಅದರಾಗ ಒಂದಾ ಶಬ್ದ ತಿದ್ದು.”

“ಯಾವುದ್ರಿ ಕಾಕಾ?”

“‘ಎದುರಿಗೆ’ ತಗದು ‘ಒಳಗ’ ಅಂತ ಹಾಕು.”