ಅಕ್ಕನ ಹುಲ್ಲು, ನನ್ನ ಹೊಟ್ಟೆಕಿಚ್ಚು

ನನ್ನ ಅಕ್ಕ ಮನುಷ್ಯರನ್ನು ಮುಖ ನೋಡಿ ಗುರುತು ಹಿಡಿಯುವುದಿಲ್ಲ, ಕಾಲು ನೋಡಿ ಹಿಡಿಯುತ್ತಾಳೆ. ಇದು ನಾನು ಹೊಟ್ಟೆಕಿಚ್ಚಿಗೆ ಹೇಳುವ ಮಾತು ಅಂತ ನೀವಂದುಕೊಂಡರೆ ಅದು ಅರ್ಧ ನಿಜ. ಇನ್ನರ್ಧಕ್ಕೆ ನಮ್ಮನೆಯವರೇ ಸಾಕ್ಷಿ. ಅವರು ನನ್ನನ್ನು ನೋಡಲು ಬಂದು ಹೋದ ಸಂಜೆ, "ಹುಡುಗ ಹೇಗಿದಾನೆ?" ಅಂತ ಅಮ್ಮ ಕೇಳಿದರೆ, ಅಕ್ಕ ಸ್ವಲ್ಪ ಯೋಚಿಸಿ, "ಹೆಜ್ಜೆ ಮೆತ್ತಗೆ ಇಡ್ತಾರೆ. ಹಿಮ್ಮಡಿ ಊರಿ ತಿರುಗಲ್ಲ. ಮಾಡ್ಕೋಬಹುದು" ಅಂದಳು. ಮೂಗು, ಬಣ್ಣ, ಸಂಬಳ ಯಾವುದೂ ಅವಳಿಗೆ ನೆನಪಿರಲಿಲ್ಲ. ಆ ಮಾತಿನ ಮೇಲೇ ಮದುವೆ ಗಟ್ಟಿಯಾಯಿತು. ನಾನೂ ಒಂದು ಸಲ ಹೂಂ ಅಂದಿದ್ದೆ, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅಕ್ಕನ ಕೆಲಸ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದು. ಕೃಷಿ ಓದಿದವಳು. ಜೊತೆಗೆ ಓದಿದವರೆಲ್ಲ ರಾಗಿ, ಟೊಮೆಟೊ, ರೇಷ್ಮೆ ಅಂತ ಹೋದರೆ ಇವಳು ಯಾರೂ ತಿನ್ನದ ಬೆಳೆ ಹಿಡಿದಳು. ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿ ದಾಟಿ ಇನ್ನೂ ಮುಂದೆ ಹೋದರೆ ಅವಳ ಮೈದಾನ ಸಿಗುತ್ತೆ. ಓಡಾಡೋಕೆ ಅನುಕೂಲ ಅಂತ ಸುಂಕದಕಟ್ಟೆಯಲ್ಲಿ ಒಂದು ಪೋರ್ಷನ್ ಬಾಡಿಗೆಗೆ ಹಿಡಿದು ಒಬ್ಬಳೇ ಇದಾಳೆ. ಮದುವೆ ಬೇಡ ಅಂದಳು. ಅಮ್ಮ ಬಸವೇಶ್ವರನಗರದಲ್ಲಿ ನಮ್ಮ ಜೊತೆಗಿದಾಳೆ.

ಅಮ್ಮ ಜೊತೆಗಿರೋದು ನನ್ನ ಹತ್ತಿರ, ಮನಸ್ಸು ಮಾತ್ರ ಸುಂಕದಕಟ್ಟೆಯಲ್ಲಿ. ಭಾನುವಾರ ಬೆಳಿಗ್ಗೆ ಅಕ್ಕನ ಸ್ಕೂಟರ್ ಗೇಟಿನ ಹತ್ತಿರ ನಿಂತಿತು ಅಂದರೆ ಅಮ್ಮನ ಮುಖಕ್ಕೆ ಕರೆಂಟು ಬರುತ್ತೆ. "ಹುಲ್ಲು ಹೇಗಿದೆಯಮ್ಮ?" ಅಂತ ವಿಚಾರಿಸುತ್ತಾಳೆ, ಬಾಣಂತನಕ್ಕೆ ಬಂದ ಮಗಳ ಕೂಸನ್ನು ವಿಚಾರಿಸುವ ಹಾಗೆ. ನಾನು ಇಷ್ಟು ವರ್ಷದಿಂದ ಒಂದು ಕಾಲೇಜಿನ ಆಫೀಸಿನಲ್ಲಿ ದುಡೀತಾ ಇದೀನಿ. "ಆಫೀಸು ಹೇಗಿದೆಯೇ?" ಅಂತ ನನ್ನನ್ನು ಯಾರಾದರೂ ಕೇಳಿದಾರಾ?

ಒಂದು ಭಾನುವಾರ ನಾನು ಚಪಾತಿ ಹಿಟ್ಟು ನಾದುತ್ತಿದ್ದೆ. ಅಕ್ಕ ಪಕ್ಕದಲ್ಲಿ ನಿಂತು ಅಮ್ಮನಿಗೆ ಪಾಠ ಶುರು ಮಾಡಿದಳು. ಆಡುವವರು ಕೋಲು ಬೀಸಿದಾಗ ಚೆಂಡಿನ ಜೊತೆ ಅಂಗೈಯಗಲ ಹುಲ್ಲೂ ಬೇರುಸಮೇತ ಎದ್ದು ಹಾರುತ್ತಂತೆ. ಆ ಗಾಯಕ್ಕೆ ಡಿವಟ್ ಅಂತ ಹೆಸರು. ಎದ್ದ ತುಂಡನ್ನು ತಂದು ಅಲ್ಲೇ ಕೂರಿಸಿ ತುಳಿಯಬೇಕು, ಇಲ್ಲದಿದ್ದರೆ ಮರಳು ತುಂಬಬೇಕು. ಚೆಂಡು ಮೇಲಿಂದ ಬಿದ್ದು ಗುಳಿಯಾದರೆ ಅದಕ್ಕೆ ಎರಡು ಹಲ್ಲಿನ ಪುಟ್ಟ ಫೋರ್ಕು ಬೇಕು.

"ಎಲ್ರೂ ಕೆಳಗಿಂದ ಮೀಟ್ತಾರೆ. ಮೀಟಿದ್ರೆ ಬೇರು ಹರಿದುಹೋಗುತ್ತೆ. ಸುತ್ತಲಿಂದ ಮಧ್ಯಕ್ಕೆ ತಳ್ಳಬೇಕು, ಹೀಗೆ" ಅನ್ನುತ್ತಾ ನನ್ನ ಹಿಟ್ಟಿಗೇ ಹೆಬ್ಬೆರಳು ಒತ್ತಿ ಗುಳಿ ಮಾಡಿ, ಮತ್ತೆ ಮುಚ್ಚಿ ತೋರಿಸಿದಳು.

"ಎಷ್ಟು ನಾಜೂಕು ನೋಡೇ ಕೈ" ಅಂದಳು ಅಮ್ಮ, ನನಗೆ. ಹಿಟ್ಟು ಅಷ್ಟು ಹದವಾಗಿ ನಾದಿದ್ದು ಯಾರು ಅನ್ನುವ ಪ್ರಶ್ನೆ ಆ ಮನೆಯಲ್ಲಿ ಏಳಲೇ ಇಲ್ಲ.

ಇನ್ನು ನಮ್ಮ ಸೋದರಮಾವನ ಮಗಳ ರಿಸೆಪ್ಷನ್ ಕಥೆ. ಹುಲ್ಲುಹಾಸಿನ ಮೇಲೆ ಸ್ಟೇಜು, ಹುಲ್ಲುಹಾಸಿನ ಮೇಲೆ ಊಟ. ಬಂದ ಹೆಂಗಸರೆಲ್ಲ ಹೈಹೀಲ್ಸ್ ಹಾಕಿದ್ದರು. ಒಂದೊಂದು ಹೆಜ್ಜೆಗೂ ನೆಲದಲ್ಲಿ ಒಂದೊಂದು ತೂತು. ಅಕ್ಕ ಎಷ್ಟು ಹೊತ್ತು ತಡೆದುಕೊಂಡಾಳು? ರೇಷ್ಮೆ ಸೀರೆಯಲ್ಲೇ ಮಂಡಿಯೂರಿ ಕೂತು, ಪರ್ಸಿನಿಂದ ಫೋರ್ಕು ತೆಗೆದು ಕೆಲಸ ಶುರು ಮಾಡಿದಳು. ಅಲ್ಲಿಗೆ ಬಂದ ಆಂಟಿಯೊಬ್ಬರು, "ಏನಮ್ಮಾ, ಕಿವಿ ಓಲೆ ಬಿತ್ತಾ?" ಅಂತ ಕೇಳಿದರು. ಕೆಲಸದಲ್ಲಿ ಮುಳುಗಿದ್ದ ಅಕ್ಕ ತಲೆ ಎತ್ತದೆ "ಹೂಂ" ಅಂದಳು.

ಅಷ್ಟು ಸಾಕಾಯಿತು. ಆಂಟಿ ಬಗ್ಗಿದರು, ಅವರ ಗಂಡ ಬಗ್ಗಿದರು, ಐಸ್‌ಕ್ರೀಮ್ ಸಾಲಿನಲ್ಲಿದ್ದವರು ಕಪ್ಪು ಹಿಡಿದುಕೊಂಡೇ ಬಗ್ಗಿದರು. ಫೋಟೋ ತೆಗೆಯುವವನು ಮದುಮಕ್ಕಳನ್ನು ಬಿಟ್ಟು ಲೈಟು ಹಿಡಿದ. ಅಷ್ಟು ಜನ ಹುಡುಕಿದರೆ ಏನಾದರೂ ಸಿಗಲೇಬೇಕಲ್ಲ, ನಿಜವಾಗಿಯೂ ಒಂದು ವಜ್ರದ ಓಲೆ ಸಿಕ್ಕಿತು. ಅದು ಗಂಡಿನ ಸೋದರತ್ತೆಯದು. ಕಳೆದಿದ್ದು ಅವರಿಗೇ ಗೊತ್ತಿರಲಿಲ್ಲ. ಆ ಸೋದರತ್ತೆ ಅಕ್ಕನ ಕೈ ಹಿಡಿದು ಕರೆದುಕೊಂಡು ಹೋಗಿ ಮೊದಲ ಸಾಲಿನ ಸೋಫಾದಲ್ಲಿ ಕೂರಿಸಿಕೊಂಡರು. ಬೆಳಿಗ್ಗೆಯಿಂದ ಓಡಾಡಿ ತಾಂಬೂಲದ ಚೀಲ ಹಂಚುತ್ತಿದ್ದ ನನ್ನನ್ನು ಯಾರೋ ಒಬ್ಬರು ಕೇಟರಿಂಗ್‌ನವಳು ಅಂದುಕೊಂಡು ಬಿಸಿನೀರು ಕೇಳಿದರು.

ಗಣೇಶನ ಹಬ್ಬದ್ದೂ ಇದೇ ಹಾಡು. ಅಕ್ಕನ ಮೈದಾನದ ಹುಲ್ಲು ಗರಿಕೆ ಜಾತಿಯದೇ ಅಂತ ಅವಳೇ ಹೇಳಿದ್ದಳು. ಎಕರೆಗಟ್ಟಲೆ ಗರಿಕೆ ಇಟ್ಟುಕೊಂಡವಳು ಒಂದು ಹಿಡಿ ತರಬಾರದಾ ಅಂತ ನಾನು ಫೋನ್ ಮಾಡಿದೆ.

"ಅದಕ್ಕೆ ಔಷಧಿ ಹೊಡೆದಿದೀವಿ ಕಣೇ. ಗಣೇಶನಿಗೆ ಬೇಡ" ಅಂದಳು.

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅಮ್ಮ, "ದೇವರ ವಿಷಯದಲ್ಲೂ ಎಷ್ಟು ನಿಯತ್ತು ನೋಡು" ಅಂದಳು. ನಾನು ಟ್ರಾಫಿಕ್ಕಿನಲ್ಲಿ ಒದ್ದಾಡಿಕೊಂಡು ಮಾರ್ಕೆಟ್ಟಿಗೆ ಹೋಗಿ, ಜನರ ಮಧ್ಯೆ ನುಗ್ಗಿ ಗರಿಕೆ ತಂದೆ. ಅಮ್ಮ ಕಟ್ಟು ಬಿಚ್ಚಿ ನೋಡಿ, "ಬಾಡಿದೆಯಲ್ಲೇ" ಅಂದಳು.

ಹೋದ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಅಮ್ಮನಿಗೆ ನಡೆಯಲು ಭಯ. ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ, "ಆಂಟಿ, ಈಗ ನಡೀದಿದ್ರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತೆ" ಅಂತ ದಿನಾ ಹೇಳುತ್ತಿದ್ದಳು. ಅಮ್ಮ ವಾಕರ್ ಹಿಡಿದು ಎದ್ದು ನಿಲ್ಲುತ್ತಿದ್ದಳು, ನಮ್ಮ ಹಾಲಿನ ಟೈಲ್ಸ್ ನೋಡುತ್ತಿದ್ದಳು, ಮತ್ತೆ ಕೂತುಬಿಡುತ್ತಿದ್ದಳು. "ಜಾರುತ್ತೆ ಕಣೇ." ನಾನು ಬೇಡಿಕೊಂಡೆ, ಗದರಿದೆ, ಮ್ಯಾಟು ಹಾಸಿದೆ. ಸ್ನಾನ ಮಾಡಿಸಿ, ಎತ್ತಿ ಕೂರಿಸಿ, ಮಲಗಿಸಿ ನನ್ನ ಸೊಂಟ ಬಿದ್ದುಹೋಯಿತು. ಅಮ್ಮ ಹೆಜ್ಜೆ ಎತ್ತಲಿಲ್ಲ.

ಅಕ್ಕ ಒಂದು ದಿನ ಫೋನ್ ಮಾಡಿ, "ಸೋಮವಾರ ನಮ್ಮಲ್ಲಿ ಆಟ ಇಲ್ಲ, ಬರೀ ಹುಲ್ಲಿನ ಕೆಲಸ. ಅಮ್ಮನ್ನ ಕರ್ಕೊಂಡು ಬಾ. ಹುಲ್ಲಿನ ಮೇಲೆ ನಡೀತಾಳೆ" ಅಂದಳು. ಡಾಕ್ಟರೂ ಆಗಬಹುದು ಅಂದರು. ಅಮ್ಮ ಭಾನುವಾರ ಸಂಜೆಯೇ ಸೀರೆ ತೆಗೆದಿಟ್ಟುಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ನಾನು ಬಡಿದಾಡಿದ ಮೇಲೆ, ಅಮ್ಮ ಮೊದಲ ಹೆಜ್ಜೆ ಇಡೋದು ಅವಳ ಹುಲ್ಲಿನ ಮೇಲಾ? ಇಟ್ಟರೆ ಜನ್ಮ ಪೂರ್ತಿ ಅದನ್ನೇ ಕೇಳಬೇಕಲ್ಲ.

ಸೋಮವಾರ ಟ್ಯಾಕ್ಸಿ ಮಾಡಿಕೊಂಡು ಹೋದೆವು. ಅಕ್ಕ ನಮ್ಮನ್ನು ಒಂದು ಸಮತಟ್ಟಾದ ಹುಲ್ಲುಹಾಸಿನ ಹತ್ತಿರ ಕರೆದುಕೊಂಡು ಹೋದಳು. ಆಟಗಾರರು ಚೆಂಡನ್ನು ಕುಳಿಗೆ ಉರುಳಿಸಿ ಅಭ್ಯಾಸ ಮಾಡುವ ಜಾಗವಂತೆ. ಹುಲ್ಲು ಎಷ್ಟು ಸಣ್ಣದಾಗಿ, ಒತ್ತಾಗಿತ್ತು ಅಂದರೆ ನಾನೂ ಬಗ್ಗಿ ಒಂದು ಸಲ ಮುಟ್ಟಿ ನೋಡಿದೆ. ಅಮ್ಮ ಚಪ್ಪಲಿ ಬಿಟ್ಟು ಪಾದ ಊರಿದಳು. ವಾಕರ್ ಮುಂದಿಟ್ಟಳು. ಅದರ ನಾಲ್ಕು ಕಾಲೂ ಹುಲ್ಲಿನಲ್ಲಿ ಸ್ವಲ್ಪ ಹೂತವು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಆಮೇಲೆ ನಡೆದೇಬಿಟ್ಟಳು.

"ಮೆತ್ತಗಿದೆ. ನಿಮ್ಮನೆ ಟೈಲ್ಸ್ ಥರ ಅಲ್ಲ" ಅಂದಳು.

ನಾನು ಬೇರೆ ಕಡೆ ಮುಖ ತಿರುಗಿಸಿದೆ. ನೀರು ಚಿಮ್ಮುವ ಪೈಪನ್ನು ಸುಮ್ಮನೆ ನೋಡುತ್ತಾ ನಿಂತೆ.

"ಕಾಲು ನಡುಗ್ತಾ ಇದೆ" ಅನ್ನುವ ಅಮ್ಮನ ದನಿ ಕೇಳಿ ತಿರುಗಿದೆ. ಹಾಸಿನ ನಡುಮಧ್ಯೆ ನಿಂತುಬಿಟ್ಟಿದ್ದಳು. ಅಕ್ಕ ಪಕ್ಕದಲ್ಲೇ ಇದ್ದಳು. ಎರಡೂ ಕೈ ಚಾಚಿದಳು, ಹಿಂದಕ್ಕೆ ತೆಗೆದಳು, ಮತ್ತೆ ಚಾಚಿದಳು. ಎಲ್ಲಿ ಮುಟ್ಟಬೇಕು ಅಂತ ಅವಳಿಗೆ ತೋಚುತ್ತಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ಬಾರೇ ಬೇಗ" ಅಂದಳು. "ಹೇಗೆ ಹಿಡೀಬೇಕು ಇವಳನ್ನ? ನಂಗೆ ಗೊತ್ತಿಲ್ಲ. ನೋವಾಗಿಬಿಟ್ರೆ?"

ಅಕ್ಕನ ಬಾಯಲ್ಲಿ 'ನಂಗೆ ಗೊತ್ತಿಲ್ಲ' ಅಂತ ಕೇಳಬೇಕು ಅಂತ ನಾನು ಬುದ್ಧಿ ಬಂದಾಗಿನಿಂದ ಕಾದಿದ್ದೆ. ಕೇಳಿದಾಗ ಯಾಕೋ ಸಂತೋಷವೇ ಆಗಲಿಲ್ಲ. ಓಡಿಹೋದೆ.

"ತೋಳು ಹಿಡಿದು ಎಳೀಬಾರ್ದು ಅಕ್ಕ. ಕಂಕುಳ ಕೆಳಗೆ ಒಂದು ಕೈ ಕೊಡು. ಇನ್ನೊಂದು ಬೆನ್ನಿಗೆ. ಜೋರಾಗಿ ಹಿಡೀಬೇಡ. ನೀನಿದೀಯ ಅಂತ ಅವಳಿಗೆ ಗೊತ್ತಾದ್ರೆ ಸಾಕು" ಅಂತ ಅವಳ ಅಂಗೈ ತೆಗೆದುಕೊಂಡು ಅಮ್ಮನ ಬೆನ್ನಿನ ಮೇಲೆ ಇಟ್ಟೆ. ಮರಳು ಹಿಡಿದೂ ಹಿಡಿದೂ ಒರಟಾಗಿದ್ದ ಅಂಗೈ. ತಣ್ಣಗಿತ್ತು.

"ನೀನು ದಿನಾ ಹೀಗೆ ಹಿಡ್ಕೋತೀಯ?" ಅಂದಳು. ಕೇಳಿದ ರೀತಿ ನನಗೆ ಚೆನ್ನಾಗಿ ಪರಿಚಯವಿತ್ತು. ಅದೇ ದನಿಯಲ್ಲಿ ನಾನು ಅವಳ ಬಗ್ಗೆ ಎಷ್ಟು ಸಲ ಮಾತಾಡಿದ್ದೆನೋ.

"ನಡೀರೇ ಇಬ್ರೂ, ಹಸಿವಾಗ್ತಾ ಇದೆ" ಅಂದಳು ಅಮ್ಮ.

ನಡೆದೆವು. ಆ ಹುಲ್ಲು ಮುಗಿಯುವವರೆಗೂ ನಾನು ಅಕ್ಕನ ಕೈ ಮೇಲಿಂದ ನನ್ನ ಕೈ ತೆಗೆಯಲಿಲ್ಲ.