ಬೆನ್ನಿನ ಬುಡದ ಕೋಗಿಲೆ

ಮೆಟ್ಟಿಲು ಒರೆಸಿದವರು ನೆಲ ಹಸಿಯಾಗಿದೆ ಎಂದು ಒಂದು ಮಾತು ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟ ನಿಘಂಟು ಮೇಲಿನ ಮೆಟ್ಟಿಲಲ್ಲಿ ಜಾರಿ, ಉಳಿದ ಮೆಟ್ಟಿಲುಗಳನ್ನೆಲ್ಲ ಕೂತ ಭಂಗಿಯಲ್ಲೇ ಇಳಿದು ಬೀದಿಬಾಗಿಲಿಗೆ ಬಂದು ತಲುಪಿದ. ಚೀಲಕ್ಕೆ ಏನೂ ಆಗಲಿಲ್ಲ, ಟೈ ಕೂಡ ನೆಟ್ಟಗಿತ್ತು. ಏಟು ತಿಂದದ್ದು ಬೆನ್ನುಮೂಳೆಯ ಕಟ್ಟಕಡೆಯ ತುಂಡು, ನಮಗೂ ಬಾಲವಿತ್ತು ಎಂದು ನೆನಪಿಸಲೆಂದೇ ಉಳಿದಿರುವ ಪುಟ್ಟ ಎಲುಬು.

ನಿಘಂಟು ಎಂಬುದು ಆಫೀಸಿನವರಿಟ್ಟ ಹೆಸರು. ಔಷಧಿ ಕಂಪನಿಯ ಪ್ರತಿನಿಧಿಯಾಗಿ ಡಾಕ್ಟರುಗಳ ಬಾಗಿಲು ಕಾಯುವುದು ಅವನ ಕೆಲಸ. ಒಳಗೆ ಬಿಟ್ಟರೆ ಮಾತ್ರೆಯ ಗುಣ ಬಿಟ್ಟು ಪದದ ಮೂಲ ಹೇಳಲು ಶುರುಮಾಡುತ್ತಿದ್ದ. ಮಲೇರಿಯಾ ಎಂದರೆ ಇಟಲಿಯವರ ಮಾತಿನಲ್ಲಿ ಕೆಟ್ಟ ಗಾಳಿ. ಕೂದಲುದುರುವ ಅಲೊಪೇಸಿಯಾದೊಳಗೆ ಗ್ರೀಕರ ನರಿ ಅಡಗಿದೆ, ಕಜ್ಜಿ ಹಿಡಿದು ರೋಮ ಕಳೆದುಕೊಂಡ ನರಿ. ಹೃದಯದ ಮದ್ದು ಕೊಡುವ ಡಿಜಿಟಾಲಿಸ್ ಗಿಡದ ಹೆಸರಿನಲ್ಲಿರುವುದು ಲ್ಯಾಟಿನ್ನಿನ ಬೆರಳು. ಡಾಕ್ಟರುಗಳು ಗಡಿಯಾರ ನೋಡುತ್ತಿದ್ದರು.

ಅಂಥವನಿಗೆಂದೇ ಹೇಳಿ ಮಾಡಿಸಿದಂಥ ಹುದ್ದೆಯೊಂದು ಕಂಪನಿಯಲ್ಲಿ ಖಾಲಿಯಾಗಿತ್ತು: ಹೊಸದಾಗಿ ಸೇರಿದವರಿಗೆ ವೈದ್ಯಕೀಯ ಪದಗಳನ್ನು ಕಲಿಸುವ ತರಬೇತುದಾರ. ಫ್ಯಾನಿನ ಕೆಳಗೆ ಕೆಲಸ, ಬೈಕಿನ ಸಹವಾಸವಿಲ್ಲ, ಕೇಳಿಸಿಕೊಳ್ಳುವವರು ಎದ್ದು ಹೋಗುವಂತಿಲ್ಲ. ಸಂದರ್ಶನ ಇವತ್ತೇ. ಇದೂ ಕೈತಪ್ಪಿದರೆ ಪದಗಳ ಅರ್ಥವನ್ನು ಮನೆಯಲ್ಲಿ ಎತ್ತಕೂಡದು ಎಂದು ಹೆಂಡತಿ ಮೊದಲೇ ಕರಾರು ಹಾಕಿದ್ದಳು.

ಆಫೀಸಿನ ಮೊದಲ ಮೇಜು ಲೆಕ್ಕಪತ್ರ ನೋಡುವ ಹೆಂಗಸಿನದು. ಎಲ್ಲರಿಗೂ ಅವರು ಲೆಕ್ಕದಕ್ಕ. ಅವರ ಕಣ್ಣು ತಪ್ಪಿಸಿ ಸೊಳ್ಳೆಯೂ ಒಳಗೆ ಹೋಗಿದ್ದಿಲ್ಲ.

"ಮುಖ ಯಾಕ್ರೀ ಹಿಂಡಿದ ನಿಂಬೆಹಣ್ಣಿನ ಹಾಗಿದೆ? ಎಲ್ಲಿ ನೋವು?"

ಎಲ್ಲಿ ಅಂತ ಹೇಳುವುದು? ಸುತ್ತಲೂ ಇದ್ದ ಗಂಡಸರು ಹೆಂಗಸರೆಲ್ಲ ಇತ್ತ ಕಿವಿ ತಿರುಗಿಸಿದ್ದರು. ಮಾನ ಕಾಯಲು ಗ್ರೀಕ್ ಭಾಷೆ ಇರುವಾಗ ಚಿಂತೆಯೇಕೆ ಎಂದುಕೊಂಡು, "ಕಾಕ್ಸಿಕ್ಸ್" ಎಂದ.

"ಹಾಗಂದ್ರೆ?"

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದ. ಆದರೆ ಯಾರಾದರೂ ಹಾಗಂದ್ರೆ ಎಂದು ಕೇಳಿದಾಗ ಸುಮ್ಮನಿರುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಗ್ರೀಕಿನಲ್ಲಿ ಅದು ಕೋಗಿಲೆ ಎಂದುಬಿಟ್ಟ. ಆ ಎಲುಬು ಕೋಗಿಲೆಯ ಕೊಕ್ಕಿನಂತೆ ಬಾಗಿರುವುದರಿಂದ ಆ ಹೆಸರು ಎಂಬ ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಎಲುಬು ಇರುವ ಜಾಗವನ್ನೂ ಹೇಳಬೇಕಾಗುತ್ತದೆ ಎಂದು ನುಂಗಿಕೊಂಡ. ನುಂಗಿದ್ದನ್ನು ಲೆಕ್ಕದಕ್ಕ ನೋಡಿದರು.

"ಅಯ್ಯೋ ಪಾಪ, ಗಂಟಲು. ಸಂದರ್ಶನದ ದಿನವೇ ಕಟ್ಕೊಳ್ಳಬೇಕಾ?"

ಕೋಗಿಲೆ ಎಂದರೆ ಯಾರಿಗಾದರೂ ನೆನಪಾಗುವುದು ಕಂಠವೇ ಹೊರತು ಬೆನ್ನಿನ ಬುಡವಲ್ಲ. ನಿಘಂಟುವಿಗೂ ಗಂಟಲು ಹೆಚ್ಚು ಮರ್ಯಾದಸ್ಥ ಜಾಗ ಅನ್ನಿಸಿ ತಲೆಯಾಡಿಸಿದ. ಕೆಟ್ಟದ್ದು ಅಲ್ಲೇ.

ಕಣ್ಣು ಮಿಟುಕಿಸುವಷ್ಟರಲ್ಲಿ ಸುದ್ದಿ ಗೋದಾಮು ಮುಟ್ಟಿತು. ಯಾರೋ ಬಿಸಿ ಉಪ್ಪುನೀರು ತಂದು ಮುಕ್ಕಳಿಸಲು ಹೇಳಿದರು. ಗೋದಾಮಿನ ಮೇಲ್ವಿಚಾರಕರು ತಮ್ಮ ಮಫ್ಲರನ್ನೇ ಬಿಚ್ಚಿ ಅವನ ಕುತ್ತಿಗೆಗೆ ಮೂಟೆ ಕಟ್ಟಿದಂತೆ ಬಿಗಿದರು. ಕಂಪನಿಯ ಡ್ರೈವರ್, ಇದೇ ಕಾಕ್ಸಿಕ್ಸ್ ಬಂದು ತನ್ನ ಸೋದರಮಾವ ಮಾತು ಕಳೆದುಕೊಂಡದ್ದನ್ನು ವಿವರವಾಗಿ ವರ್ಣಿಸಿದ. ಎಲ್ಲರ ಬಾಯಲ್ಲೂ ಎರಡೇ ಉಪದೇಶ: ಮಾತಾಡಬೇಡಿ, ಕೂತುಕೊಳ್ಳಿ. ಕಂಬಕ್ಕೊರಗಿ ನಿಂತಿದ್ದವನ ಭುಜ ಹಿಡಿದು ಮೇಲ್ವಿಚಾರಕರು ಕಬ್ಬಿಣದ ಸ್ಟೂಲಿನ ಮೇಲೆ ಒತ್ತಿ ಕೂರಿಸಿದಾಗ ಅವನಿಂದ ಎಂಥದೋ ಸ್ವರ ಹೊರಟಿತು.

"ನೋಡಿದ್ರಾ, ಗಂಟಲು ಹೇಗೆ ಒಡೆದು ಹೋಗಿದೆ" ಎಂದರು ಅವರು.

ಸಂದರ್ಶನದ ಕೋಣೆಗೂ ಸುದ್ದಿ ಅವನಿಗಿಂತ ಮುಂಚೆಯೇ ಹೋಗಿ ಕೂತಿತ್ತು. ದೊಡ್ಡ ಸಾಹೇಬರು ಮಾತಾಡದಂತೆ ಕೈಸನ್ನೆ ಮಾಡಿ ಕುರ್ಚಿ ತೋರಿಸಿದರು. ಧ್ವನಿಯೇ ಇಲ್ಲದವರಿಗೆ ಪಾಠ ಹೇಳುವ ಕೆಲಸ ಕೊಡುವುದು ಹೇಗೆ, ನೀವೇ ಯೋಚಿಸಿ ಎಂದು ಬಲು ಮೆತ್ತಗೆ ಕೇಳಿದರು.

ಕೆಲಸ ಕೈಜಾರುತ್ತಿದೆ ಎಂದು ಗೊತ್ತಾದ ಮೇಲೆ ನಾಚಿಕೆ ಎಲ್ಲಿಯದು? ನಿಘಂಟು ಮಫ್ಲರ್ ಕಿತ್ತು ಮೇಜಿನ ಮೇಲಿಟ್ಟ.

"ಸಾರ್, ಗಂಟಲು ಗಟ್ಟಿಯಾಗಿದೆ. ಏಟು ಬಿದ್ದಿರೋದು ಕೂರೋ ಜಾಗಕ್ಕೆ."

ಆಮೇಲೆ ನಿಂತೇ ಶುರುಮಾಡಿದ. ಕೊಕ್ಕಿನ ಕತೆ ಮುಗಿಸಿ, ಮೊಣಕಾಲ ಕೆಳಗಿನ ಟಿಬಿಯಾ ಎಲುಬಿನಲ್ಲಿ ಲ್ಯಾಟಿನ್ನಿನ ಕೊಳಲಿರುವುದನ್ನೂ, ಮಸಲ್ ಎಂಬುದರಲ್ಲಿ ಪುಟ್ಟ ಇಲಿ ಇರುವುದನ್ನೂ ಹೇಳಿ, ತೋಳು ಮಡಿಸಿದಾಗ ಚರ್ಮದಡಿ ಅದು ಓಡುವುದನ್ನು ಅಂಗಿಯ ತೋಳೇರಿಸಿ ತೋರಿಸಿದ. ಸಾಹೇಬರು ಗದ್ದಕ್ಕೆ ಕೈಕೊಟ್ಟು ಕೇಳಿದರು. ಇಲಿಯ ಹತ್ತಿರ ನಕ್ಕರು ಕೂಡ. ಹುದ್ದೆ ಜೇಬಿಗೆ ಬಿತ್ತು ಎಂದೇ ನಿಘಂಟು ಅಂದುಕೊಂಡ.

"ಸೊಗಸಾಗಿ ಹೇಳ್ತೀರಿ" ಎಂದರು ಸಾಹೇಬರು. "ಆದ್ರೆ ಇವತ್ತು ಬೆಳಿಗ್ಗೆ ನೀವು ಕಲಿಸಿದ್ದು ಒಂದೇ ಒಂದು ಪದ. ಬಾಲದ ಮೂಳೆಗೆ ಇಡೀ ಆಫೀಸು ಉಪ್ಪುನೀರಿನ ಉಪಚಾರ ಮಾಡಿತಲ್ಲ?"

ನಿಘಂಟು ಏರಿಸಿದ್ದ ಅಂಗಿಯ ತೋಳನ್ನು ಮೆಲ್ಲಗೆ ಇಳಿಸಿಕೊಂಡ.

ಸಾಹೇಬರು ಲೆಕ್ಕದಕ್ಕನನ್ನು ಒಳಗೆ ಕರೆಸಿದರು. ಡ್ರೈವರಿನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಇವತ್ತು ಕಾಕ್ಸಿಕ್ಸ್ ಇದೆ, ಸಾಯುವವರೆಗೂ ಮರೆಯುವುದಿಲ್ಲ, ಇದೆಲ್ಲ ಇವರಿಂದಾದದ್ದು ಎಂದು ಮೆಚ್ಚಿಕೊಂಡರು.

"ಅರ್ಥ ತಪ್ಪಿದ್ರೆ ತಿದ್ದಬಹುದು. ಹೀಗೆ ಮುಟ್ಟಿಸೋ ಕಲೆ ಯಾರೂ ಕಲಿಸೋಕಾಗಲ್ಲ. ತರಬೇತಿ ಅಕ್ಕ ನೋಡ್ಕೊಳ್ಲಿ. ಅರ್ಥ ಬೇಕಾದಾಗ ನಿಮ್ಮನ್ನ ಕೇಳ್ತಾರೆ."

ನಿಘಂಟು ಚೀಲ ಹೆಗಲಿಗೇರಿಸಿ ಬೈಕ್ ಹತ್ತಿದ. ರಸ್ತೆಯ ಗುಂಡಿಗಳೆಲ್ಲ ಒಂದೊಂದಾಗಿ ಗ್ರೀಕ್ ಪಾಠ ಒಪ್ಪಿಸಿದವು. ಇನ್ನು ನೋಡಲಿರುವುದು ಡಾಕ್ಟರನ್ನು, ಅವರ ಮುಂದೆ ನಾಚುವ ಗರಜಿಲ್ಲ, ನೋವಿಗೆ ಏನಾದರೂ ಕೇಳಿದರಾಯಿತು ಎಂಬುದೊಂದೇ ಸಮಾಧಾನ.

ಬಾಗಿಲು ತಳ್ಳಿದರೆ ಡಾಕ್ಟರು ತಾವೇ ಎದ್ದು ನಿಂತರು. ಇಷ್ಟು ವರ್ಷ ಅವನನ್ನು ನಿಲ್ಲಿಸಿಯೇ ಮಾತಾಡಿಸಿ ಕಳಿಸಿದ್ದ ಮನುಷ್ಯ ಮೇಜು ಬಳಸಿ ಬಂದು, ತಮ್ಮ ಕೈಯಾರೆ ಮರದ ಕುರ್ಚಿ ಎಳೆದರು.

"ನಿಮ್ಮ ಲೆಕ್ಕದ ಮೇಡಂ ಬೆಳಿಗ್ಗೆನೇ ಫೋನ್ ಮಾಡಿ ಎಲ್ಲಾ ಹೇಳಿದ್ರು. ಒಂದಕ್ಷರ ಮಾತಾಡಬೇಡಿ. ಆರಾಮಾಗಿ ಕೂತ್ಕೊಳ್ಳಿ."

ಒಬ್ಬ ಡಾಕ್ಟರು ಎಳೆದುಕೊಟ್ಟ ಮೊದಲ ಕುರ್ಚಿ. ಬೇಡ ಅನ್ನುವುದು ಹೇಗೆ? ನಿಘಂಟು ಕೂತ.